ಐದು ಮಂದಿಯ ಮುಲಾಖತ್ತು

ನಮ್ಮ ಚಂದ್ರಿ ಎಮ್ಮೆಗೆ ಗದ್ದಲ ಸೇರುವುದಿಲ್ಲ. ಹಿಂಡುವಾಗ ಯಾರಾದರೂ ಜೋರಾಗಿ ಸೀನಿದರೂ ಸಾಕು, ಕೆಚ್ಚಲಿಗೆ ಇಳಿದ ಹಾಲನ್ನು ಮೇಲಕ್ಕೆ ಎಳೆದುಕೊಂಡು, ಬಾಲದಿಂದ ನನ್ನ ಕೆನ್ನೆಗೊಂದು ಕೊಟ್ಟು, ಗೋಡೆಯ ಕಡೆ ನೋಡುತ್ತ ನಿಂತುಬಿಡುತ್ತದೆ. ಅದಕ್ಕೇ ಬೆಳಗಿನ ಹೊತ್ತು ಕೊಟ್ಟಿಗೆಯ ಕಡೆ ನಾನು ಯಾರನ್ನೂ ಬರಗೊಡುವುದಿಲ್ಲ, ನನ್ನ ಮಗ ಕಲ್ಯಾಣಪ್ಪನ ಹೊರತು; ಮನೆಯಲ್ಲಿ ಅವನು ಕಲ್ಯಾಣಿ. ಅವನು ಬಂದದ್ದು ಎಮ್ಮೆಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಹದಿನೇಳು ತುಂಬಿದೆ, ಮೀಸೆ ಚಿಗುರಿದೆ, ಸೊಲ್ಲಾಪುರದಲ್ಲಿ ಕಲಿತು ಮ್ಯಾಟ್ರಿಕ್ ಪಾಸಾಗಿದ್ದಾನೆ. ಮಾತು ಮಾತ್ರ ಹಬ್ಬಕ್ಕೊಂದು, ಹುಣ್ಣಿಮೆಗೊಂದು.

ಆ ದಿನ ಬೆಳಿಗ್ಗೆ ಕರುವನ್ನು ಹಿಡಿದುಕೊಂಡು ನನ್ನ ಎದುರು ಕೂತಿದ್ದ. ಅರ್ಧ ಚರಿಗೆ ಹಾಲಾಗಿತ್ತು.

"ಯವ್ವಾ, ಒಂದ ಮಾತ ಕೇಳ್ಲೇನು?" ಅಂದ.

ನನ್ನ ಕೈ ತಾನೇ ನಿಂತಿತು. ಈ ಹುಡುಗ ತಾನಾಗಿ ಏನನ್ನಾದರೂ ಕೇಳಿ ಎಷ್ಟು ದಿನವಾಗಿತ್ತೋ. ಹೆದರಿಸಬಾರದೆಂದು ಮತ್ತೆ ಮೆಲ್ಲಗೆ ಹಿಂಡತೊಡಗಿದೆ.

"ಕೇಳಪ್ಪ."

"ಮುಂಬೈ ಕಾಲೇಜಿನ್ಯಾಗ ಕಲಸೂ ಮಾಸ್ತರ್ರು ಅದಾರಲ್ಲ, ಅವ್ರು..."

"ಏ ತಮ್ಮಾ! ಏ ಯವ್ವಾ! ಎಲ್ಲಿ ಅದೀರಿ ಎಲ್ಲಾರೂ? ಪತ್ರ ಬಂತು, ಮುಂಬೈ ಪತ್ರ!"

ನಮ್ಮ ಭಾವ ಅಣ್ಣಾರಾಯರು ಅಂಗಳಕ್ಕೆ ಬಂದಿದ್ದರು. ಚಂದ್ರಿ ಹಾಲು ಎಳೆದುಕೊಂಡಿತು. ಕಲ್ಯಾಣಿ ಮಾತು ಎಳೆದುಕೊಂಡ. ಇಬ್ಬರೂ ಗೋಡೆಯ ಕಡೆ ನೋಡಿದರು.

ಭಾವನವರಿಗೆ ಸೊಲ್ಲಾಪುರದಲ್ಲಿ ಶೇಂಗಾ ಮತ್ತು ಜೋಳದ ದಲಾಲಿಯ ಅಡತಿ ಅಂಗಡಿ ಇತ್ತು. ನಾವು ವಾಗದರಿಯಲ್ಲಿ ಹೊಲ ನೋಡಿಕೊಂಡಿದ್ದೆವು. ಪೇಟೆಯ ಗಲಾಟೆಯಲ್ಲಿ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಮನುಷ್ಯ ಒಳ್ಳೆಯವರು. ತಮಗೆ ಮಕ್ಕಳಿಲ್ಲ, ನನ್ನ ಮಗನ ಮೇಲೆ ಜೀವ. ಆ ಜೀವವನ್ನೆಲ್ಲ ಅವನ ಪರವಾಗಿ ಮಾತಾಡಿ ತೋರಿಸುತ್ತಿದ್ದರು. ನಾನು ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು; ಅವರ ಎದುರಿಗೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಿದ್ದೆನೇ ಹೊರತು ಒಮ್ಮೆಯೂ ಬಾಯಿಬಿಟ್ಟು ಮಾತಾಡಿದವಳಲ್ಲ. ಭಾವನ ಮುಂದೆ ತಮ್ಮನ ಹೆಂಡತಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಹೇಳುವುದೇನಿದ್ದರೂ ಅತ್ತೆಯವರ ಮುಖಾಂತರ.

ಭಾವನವರು ಹುಡುಗನ ಹೆಸರಿನಲ್ಲಿ ಅರ್ಜಿ ಹಾಕಿಸಿದ್ದರು; ಅದಕ್ಕೆ ಬಂದ ಪತ್ರದ ವಿಷಯ ಇಷ್ಟು. ಮುಂಬಯಿಯಲ್ಲಿ ವ್ಯಾಪಾರ ಕಲಿಸುವ ಒಂದು ಕಾಲೇಜಿತ್ತು. ಅಲ್ಲಿ ಕೆಲವು ವರ್ಷ ಓದಿದರೆ ಹೆಸರಿನ ಮುಂದೆ ಡಿಗ್ರಿ ಬರುತ್ತದೆ. ನಮ್ಮ ಕಡೆಯ ಹುಡುಗರಲ್ಲಿ ಒಬ್ಬನಿಗೆ ಫೀ ಇಲ್ಲ, ವಸತಿ ಊಟವೂ ಪುಕ್ಕಟೆ. ಆ ಒಬ್ಬನನ್ನು ಆರಿಸಲು ಪ್ರೊಫೆಸರರೊಬ್ಬರು ಸೊಲ್ಲಾಪುರಕ್ಕೆ ಬರುತ್ತಾರೆ. ಮುಂದಿನ ಗುರುವಾರ ಮುಲಾಖತ್ತು, ಅಂದರೆ ಸಂದರ್ಶನ; ಪಾಲಕರೊಂದಿಗೆ ಬರತಕ್ಕದ್ದು.

"ನೋಡಾಕ ಬರ್ತಾರಂದ್ರ ಆತು ಬಿಡು," ಅಂದರು ನಮ್ಮ ಅತ್ತೆ ಅಕ್ಕನಾಗಮ್ಮನವರು. "ಹುಡುಗ ಉದ್ದ ಅದಾನ, ಕೆಂಪ ಅದಾನ. ಯಾರ ಒಲ್ಲೆ ಅಂತಾರ?"

"ಯವ್ವಾ, ಅವರು ಹೆಣ್ಣ ಕೊಡಾಕ ಬರಾಕತ್ತಿಲ್ಲ."

"ಮನಿಗಿ ಇಟಗೋತಾರಿಲ್ಲೋ? ಊಟಕ್ಕ ಹಾಕ್ತಾರಿಲ್ಲೋ? ಮತ್ತೇನ ಉಳೀತು?"

ನಮ್ಮ ಮನೆಯವರು ಹೊಲಕ್ಕೆ ಹೊರಟವರು ಕಂಬಕ್ಕೊರಗಿ ನಿಂತರು. ಅವರದು ಎರಡು ಮಾತಿನಲ್ಲಿ ಮುಗಿಸುವ ಸ್ವಭಾವ. "ಅಣ್ಣಾ, ಅಡತಿ ಅಂಗಡಿ ಮನ್ಯಾಗ ಇಟಗೊಂಡು ವ್ಯಾಪಾರ ಕಲಿಯಾಕ ಮುಂಬೈಗಿ? ಎಮ್ಮಿ ಹಿಂಡೂದ ಕಲಿಯಾಕ ಪುಣೇಕ್ಕ ಹೋದಂಗಾತು."

"ನಿನಗ ತಿಳಿಯೂದಿಲ್ಲ ತಮ್ಮಾ. ಈಗಿನ ಕಾಲದಾಗ ಗಿರಣಿ ಮ್ಯಾನೇಜರ್ ಆಗಬೇಕಂದ್ರ ಡಿಗ್ರಿ ಬೇಕು. ನಮ್ಮ ಬಸಯ್ಯ ಮಾಸ್ತರ ನೋಡು, ಅದ ಕಾಲೇಜಿನ್ಯಾಗ ಕಲ್ತು ಬಂದಾನ."

"ಅವ ವಿಜಾಪುರ ರಸ್ತಾದಾಗ ಚಾದರದ ಅಂಗಡಿ ತಗದಿದ್ನಲ್ಲ? ಇಂಗ್ಲೀಷ ಬೋರ್ಡ ಹಾಕಿ?"

"ಹೂಂ, ತಗದಿದ್ದ."

"ಎಂಟ ತಿಂಗಳಿಗೇ ಮುಚ್ಚಿತು."

"ಮುಚ್ಚಿತು, ಖರೆ."

"ಈಗೇನ ಮಾಡ್ತಾನ?"

ಭಾವನವರು ಹೆಗಲ ಮೇಲಿನ ಶಲ್ಲೆ ಸರಿಮಾಡಿಕೊಂಡು ಹೇಳಿದರು: "ಹುಡುಗರಿಗಿ ವ್ಯಾಪಾರ ಕಲಸ್ತಾನ."

"ಅದು ನಡದೈತೇನು?" ಅತ್ತೆ ಕೇಳಿದರು.

"ಭಾಳ ಜೋರ ನಡದೈತಿ."

ಕಲ್ಯಾಣಿಯ ತುಟಿ ಅಲುಗಿದ್ದನ್ನು ನಾನು ನೋಡಿದೆ. ಆದರೆ ಅಷ್ಟರೊಳಗೆ ಭಾವನವರು, "ಹುಡುಗಗ ಹೋಗೂ ಮನಸೈತಿ, ನನಗ ಗೊತ್ತೈತಿ," ಅಂದರು. ಮನೆಯವರು, "ಹುಡುಗಗ ಇಲ್ಲೇ ಇರೂ ಮನಸೈತಿ," ಅಂದರು. ಅತ್ತೆಯವರು, "ಹುಡುಗಗ ಹಸಿವ್ಯಾಗೈತಿ," ಅಂದರು. ಹುಡುಗ ಕರುವಿನ ಹಗ್ಗ ಬಿಚ್ಚಲು ಹೋದ.

ತಪ್ಪು ನಮ್ಮದೇ. ನಮ್ಮದು ಮಾತಿನ ಮನೆ. ಸಣ್ಣವನಿದ್ದಾಗ ಯಾರಾದರೂ "ಹೆಸರೇನೋ ನಿಂದು?" ಅಂದರೆ ಅವನು ಬಾಯಿ ತೆರೆಯುವುದರೊಳಗೆ ಅವನ ಆಯಿ, ನಮ್ಮ ಅತ್ತೆ, ಹೇಳಿಬಿಡುವರು. "ಯಾವ ಇಯತ್ತೆ?" ಅಂದರೆ ಅವರಪ್ಪ. "ಊಟಾ ಆತೇನು?" ಅಂದರೆ ನಾನೇ "ಆಗೈತ್ರಿ" ಅನ್ನುತ್ತಿದ್ದೆ. ಉಳಿದದ್ದಕ್ಕೆಲ್ಲ ಭಾವನವರು. ಹುಡುಗನ ಪಾಲಿಗೆ ಉತ್ತರವೇ ಉಳಿಯುತ್ತಿರಲಿಲ್ಲ. ಈಗ ಈ ಸೀಟು ಸಿಕ್ಕರೆ ಮುಂಬಯಿ. ಸಿಗದಿದ್ದರೆ ಭಾವನವರ ಅಂಗಡಿಯ ಗಾದಿ. ಅವರ ಮಗ್ಗುಲಲ್ಲಿ ಒಮ್ಮೆ ಕೂತನೆಂದರೆ ಮುಂದಿನ ನಲವತ್ತು ವರ್ಷ ಅವನು ಬಾಯಿ ತೆರೆಯುವ ಪ್ರಸಂಗವೇ ಬರಲಾರದು. ಮುಂಬಯಿಯೋ ಗಾದಿಯೋ, ನನಗೆ ಎರಡೂ ಒಂದೇ. ಯಾವುದು ಬೇಕೆಂದು ಅವನು ತನ್ನ ಬಾಯಿಂದ ಹೇಳಿದರೆ ಸಾಕಾಗಿತ್ತು. ಆ ಮಧ್ಯಾಹ್ನ ಒಬ್ಬನೇ ಸಿಕ್ಕಾಗ ಕೇಳಿದೆ.

"ಮುಂಜಾನಿ ಏನೋ ಕೇಳಾವಿದ್ದೆಲ್ಲಪ್ಪ?"

"ಏನಿಲ್ಲ ಯವ್ವಾ."

"ಮುಂಬೈಗಿ ಹೋಗೂ ಮನಸೈತೇನು?"

"ನೀವು ಹೆಂಗಂತೀರಿ ಹಂಗ."

ನಾನು ಅವನ ತಲೆಗೆ ಎಣ್ಣೆ ತಿಕ್ಕಿದೆ. ಬೇರೆ ಏನು ಮಾಡುವುದು ತಿಳಿಯಲಿಲ್ಲ.

ಭಾನುವಾರ ಭಾವನವರು ಬಸಯ್ಯ ಮಾಸ್ತರರನ್ನೇ ಕರೆದುಕೊಂಡು ಬಂದರು, ಮುಲಾಖತ್ತಿನ ತಾಲೀಮು ಮಾಡಿಸಲು. ಕೋಟು, ಕರಿ ಟೋಪಿ, ಜೇಬಿನಲ್ಲಿ ಎರಡು ಪೆನ್ನು. ಪಡಸಾಲೆಯಲ್ಲಿ ಕಂಬಳಿ ಹಾಸಿ ಎಲ್ಲರೂ ಕೂತೆವು. ನಾನು ಬಾಗಿಲ ಒಳಗೆ ಕೂತು ತೊಗರಿ ಹಸನು ಮಾಡುತ್ತಿದ್ದೆ.

"ಮೊದಲ ಪ್ರಶ್ನೆ," ಅಂದರು ಬಸಯ್ಯ ಮಾಸ್ತರರು. "ನೀ ವ್ಯಾಪಾರ ಯಾಕ ಕಲೀತಿ ಅಂತ ಕೇಳ್ತಾರ. 'ದೇಶದ ಉದ್ಯಮಗಳ ಏಳಿಗೆಗಾಗಿ' ಅನ್ನಬೇಕು."

"ಖರೆ ಹೇಳು ಅಂದ್ರ?" ಅತ್ತೆಯವರು ಕೇಳಿದರು.

"ಖರೆ ಹೇಳಬಾರದು ಆಯಿ. ಇದು ಮುಲಾಖತ್ತು."

ಅತ್ತೆಯವರು ತಲೆಯಾಡಿಸಿದರು. ಸಂಬಂಧ ಕುದುರಿಸುವ ಕೆಲಸ ಅವರಿಗೆ ಹೊಸದಲ್ಲ.

"ಎರಡನೇದು. ನಿನ್ನಾಗ ಇರೂ ದೊಡ್ಡ ದೋಷ ಯಾವುದು ಅಂತ ಕೇಳ್ತಾರ. 'ನಾನು ಮಿತಿಮೀರಿ ದುಡಿಯುತ್ತೇನೆ, ಅದೇ ನನ್ನ ದೋಷ' ಅನ್ನಬೇಕು."

"ಅದ್ಹೆಂಗ ದೋಷ ಆಗ್ತೈತಿ? ಇವಂದು ದೋಷ ಅಂದ್ರ ಜಳಕಕ್ಕ ಹೋದ್ರ ಹೊರಗ ಬರೂದಿಲ್ಲ. ಹಂಡೆ ನೀರೆಲ್ಲಾ ಖಾಲಿ."

"ಅದನ್ನ ಹೇಳಬಾರದು ಆಯಿ!"

"ಮತ್ತ ದೋಷ ಕೇಳಿದ್ರಂತಿ?"

"ಮೂರನೇದು ಮುಖ್ಯ. ಬೆಲೆ ಹೆಂಗ ನಿರ್ಧಾರ ಆಗ್ತದ?" ಮಾಸ್ತರರು ಇಂಗ್ಲೀಷಿನಲ್ಲಿ ಉದ್ದನೆಯ ಒಂದು ಉತ್ತರ ಹೇಳಿದರು. ಕಲ್ಯಾಣಿ ಅದನ್ನು ಒಂದಕ್ಷರ ತಪ್ಪದೆ ಬರೆದುಕೊಂಡ. ಭಾವನವರು ನಕ್ಕರು.

"ಅದನ್ನ ಇವಗೇನ ಕಲಸ್ತೀ ಮಾಸ್ತರಾ? ರಜೆದಾಗ ಪೇಟ್ಯಾಗ ಶಲ್ಲೆ ಕೆಳಗ ಕೈ ಹಾಕಿ ಕುಂತ್ರ ದೊಡ್ಡ ದೊಡ್ಡ ಖರೀದಿದಾರರ ಬೆವರ ಇಳಸ್ತಾನ. ಇವನ ಕೈಯಾಗ ನಾಲಿಗಿ ಐತಿ!"

ಅದು ನಿಜ. ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಹೇಳಿದರೆ ಸುತ್ತ ನಿಂತವರಿಗೆಲ್ಲ ಗೊತ್ತಾಗುತ್ತದೆ. ಕೊಡುವವನೂ ಕೊಳ್ಳುವವನೂ ಹೆಗಲ ಮೇಲಿನ ಶಲ್ಲೆಯ ಕೆಳಗೆ ಕೈಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ಪೂರಾ ಹಿಡಿದರೆ ಐದು. ಒಪ್ಪದಿದ್ದರೆ ಕೈ ಕೊಡವಬೇಕು. ಒಪ್ಪಿದರೆ ಗಟ್ಟಿಯಾಗಿ ಒತ್ತಬೇಕು. ಒತ್ತಿದ ಮೇಲೆ ಮುಗಿಯಿತು, ತಂದೆ ಬಂದು ಹೇಳಿದರೂ ಹಿಂದೆಗೆಯುವಂತಿಲ್ಲ. ಮಾತಿಲ್ಲದ ಈ ವ್ಯವಹಾರ ನನ್ನ ಮಗನಿಗಾಗಿಯೇ ಮಾಡಿಟ್ಟಂತಿತ್ತು.

ಬಸಯ್ಯ ಮಾಸ್ತರರು ಏಳುವ ಹೊತ್ತಿಗೆ ಕಲ್ಯಾಣಿ ಗಂಟಲು ಸರಿಮಾಡಿಕೊಂಡ. ನಾನು ಮೊರ ಕೆಳಗಿಟ್ಟೆ.

"ಮಾಸ್ತರ್ರ, ನೀವು ಅಂಗಡಿ ತಗದಿದ್ರೆಲ್ಲ, ನಿಮಗ ಕಲಿಸಿದವ್ರು..."

"ಅಂಗಡಿ ಮಾತ ಈಗ ಬ್ಯಾಡೋ!" ಭಾವನವರು ಗಾಬರಿಯಾಗಿ ಅಂದರು. "ಮಾಸ್ತರಿಗಿ ಚಾ ತರ್ರಿ, ಚಾ!"

ಚಹಾ ತರಬೇಕಾದವಳು ನಾನೇ. ನಾನು ತರುವಷ್ಟರಲ್ಲಿ ಹುಡುಗ ಮತ್ತೆ ಗೋಡೆ ನೋಡುತ್ತಿದ್ದ.

ಬುಧವಾರ ಯಾರು ಹೋಗಬೇಕೆಂಬ ಮಾತು ಬಂತು. ಹುಡುಗ, ಅವರಪ್ಪ, ಭಾವನವರು ಎಂದು ಮೊದಲು ಆಯಿತು. ಅತ್ತೆಯವರು ಕೇಳಿ ಎದೆ ಹಿಡಿದುಕೊಂಡರು.

"ಮೂರ ಮಂದಿ? ಮೂರ ಮಂದಿ ಹೋದ ಕೆಲಸ ಎಲ್ಲರ ಆಗೈತೇನು? ಇವರವ್ವನ್ನೂ ಕರಕೊಂಡ ಹೋಗ್ರಿ."

"ಆತು, ನಾಲ್ಕ ಮಂದಿ."

"ನಾಲ್ಕ ಮಂದಿ ಹೆಣಾ ಹೊರಾಕ ಹೋಗ್ತಾರ!"

ಅತ್ತೆಯವರು ಆಗಲೇ ಗೂಟದ ಮೇಲಿನ ಇಳಕಲ್ಲ ಸೀರೆ ತೆಗೆದಿದ್ದರು. "ಶುಭಕ್ಕ ಐದು. ನಾನೂ ಬರ್ತೀನಿ. ಹುಡುಗನ ಕೊಡೂ ಮನಿ ನಾ ನೋಡಬೇಕೋ ಬ್ಯಾಡೋ?"

"ಯವ್ವಾ, ಪತ್ರದಾಗ ಪಾಲಕರು ಅಂತ ಒಬ್ಬರನ್ನ..."

"ಇವನ ಪಾಲನಾ ಒಬ್ಬರ ಮಾಡೀವೇನು?"

ಬರಿಗೈಲಿ ಹೋಗುವುದು ಹೇಗೆಂದು ಆ ಸಂಜೆ ನಾನು ಇಪ್ಪತ್ತೊಂದು ಶೇಂಗಾ ಹೋಳಿಗೆ ಮಾಡಿದೆ.

ಗುರುವಾರ ಬೆಳಿಗ್ಗೆ ಚಕ್ಕಡಿಯಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಬಂದು ಗಾಡಿ ಹತ್ತಿದೆವು. ಮಿರಗದ ಮಳೆಯ ಮೊದಲ ಮೋಡಗಳು ಕಟ್ಟಿದ್ದವು. ಮನೆಯವರು ಕಿಟಕಿಯಿಂದ ಯಾರ ಹೊಲ ಹರಗಿದೆ, ಯಾರದು ಇಲ್ಲ ಎಂದು ನೋಡುತ್ತಿದ್ದರು. ಕಲ್ಯಾಣಿ ಅವರ ಪಕ್ಕದಲ್ಲಿ ಹೊಸ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಯಪ್ಪಾ," ಅಂದ. "ಅಲ್ಲಿ ಕಲಸವ್ರು..."

"ಅಲ್ಲಿ ಕಲಸವ್ರ ಮುಂದ ನೀ ಏನೂ ಮಾತಾಡಬ್ಯಾಡ," ಅಂದರು ಅತ್ತೆ ಎದುರಿನ ಹಲಗೆಯಿಂದ. "ತಲಿ ಬಗ್ಗಿಸಿ ಕುಂದರು. ನೋಡಾಕ ಬಂದವ್ರ ಮುಂದ ವಟವಟ ಅಂದ್ರ ಹುಡುಗ ಬಾಯಿಬಡಕ ಅಂತಾರ. ನಮ್ಮ ಮನ್ಯಾಗ ಹಂಗ ಯಾರಿಲ್ಲ."

ಸೊಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಮುಲಾಖತ್ತು. ಮೊಗಸಾಲೆಯ ಬೆಂಚುಗಳ ಮೇಲೆ ಆರೇಳು ಹುಡುಗರು, ಒಬ್ಬೊಬ್ಬರಿಗೆ ಒಬ್ಬೊಬ್ಬ ತಂದೆ. ಒಬ್ಬನಂತೂ ಕಣ್ಣು ಮುಚ್ಚಿ ಪರದೇಶದ ಬಂದರುಗಳ ಹೆಸರು ಜಪಿಸುತ್ತಿದ್ದ. ನಾವು ಐದು ಮಂದಿ ಬುತ್ತಿ ಗಂಟಿನೊಂದಿಗೆ ಒಳಗೆ ಬಂದಾಗ ಅವನು ಕೂಡ ಕಣ್ಣು ತೆರೆದ.

ಹೆಸರು ಕೂಗಿದರು. ಬಾಗಿಲಲ್ಲಿದ್ದ ಪಟ್ಟೇವಾಲಾ ಜವಾನ ಕೈ ಅಡ್ಡ ಹಿಡಿದ. "ಒಬ್ಬರ ಪಾಲಕರು. ಒಬ್ಬರ."

ಅತ್ತೆಯವರು ಅವನ ಮುಖವನ್ನು ದಿಟ್ಟಿಸಿ ನೋಡಿದರು. "ತಮ್ಮಾ, ಮುಂಜಾನಿಂದ ಏನರ ತಿಂದೀಯೋ ಇಲ್ಲೋ?"

"ಚಾ ಕುಡದೀನಿ."

"ಅಯ್ಯ ನನ್ನಪ್ಪ," ಅಂದು ಗಂಟು ಬಿಚ್ಚಿ ಎರಡು ಹೋಳಿಗೆ ಅವನ ಕೈಗಿಟ್ಟರು. ಅವನಿಗೆ ಬಾಗಿಲು ಹಿಡಿಯಲು ಕೈ ಉಳಿಯಲಿಲ್ಲ. ಐದೂ ಮಂದಿ ಒಳಗೆ ಹೋದೆವು.

ಪ್ರೊಫೆಸರರು ಮೇಜಿನ ಹಿಂದೆ ಕೂತಿದ್ದರು. ಚಾಳೀಸಿನ ಕನ್ನಡಕ ಹಾಕಿದ, ಸೌಮ್ಯ ಮುಖದ ಮನುಷ್ಯ. ಗಲಗಲಿ ಎಂದು ಅಡ್ಡಹೆಸರು, ಧಾರವಾಡದ ಕಡೆಯವರು. ಮೇಜಿಗೆ ಒಂದು ಹೊಸ ಛತ್ರಿ ಒರಗಿತ್ತು, ಹಿಡಿಕೆಗೆ ಬೆಳ್ಳಿಯ ಕಟ್ಟು. ನಮ್ಮ ಕಡೆ ಒಂದೇ ಕುರ್ಚಿ. ಅತ್ತೆಯವರು ಕುರ್ಚಿ ನೋಡಿದರು, ನಮ್ಮನ್ನು ನೋಡಿದರು, ಜಮಖಾನೆಯ ಮೇಲೆ ಕೂತರು. ಹಿರಿಯರು ಕೆಳಗೆ ಕೂತಮೇಲೆ ಮೇಲೆ ಕೂಡುವವರು ಯಾರು? ಎಲ್ಲರೂ ಕೆಳಗೆ ಕೂತೆವು. ಮೇಜಿನ ಹಿಂದಿನಿಂದ ಪ್ರೊಫೆಸರರಿಗೆ ನಮ್ಮಲ್ಲಿ ಒಬ್ಬರೂ ಕಾಣಿಸದಾದರು. ಅವರು ಎದ್ದು ನಿಂತು ಬಗ್ಗಿ ನೋಡಿದರು.

"ಇವರೊಳಗ ಕಲ್ಯಾಣಪ್ಪ ಯಾರು?"

"ಇವನ್ರಿ," ಅಂದೆವು ನಾಲ್ವರೂ. ನಾನು ಮನಸ್ಸಿನಲ್ಲೇ ಅಂದೆ.

ಅವರು ಮೊದಲು ಇಂಗ್ಲೀಷಿನಲ್ಲಿ ಏನೋ ಕೇಳಿದರು. ಕಲ್ಯಾಣಿ ತಲೆ ಎತ್ತಿದ. ಭಾವನವರು, "ಸಾಹೇಬ್ರ, ಕನ್ನಡದಾಗ ಕೇಳ್ರಿ, ನಾವೆಲ್ಲಾ ಹೇಳ್ತೀವಿ," ಅಂದರು.

"ಆಗಲಿ," ಎಂದು ಪ್ರೊಫೆಸರರು ನಕ್ಕರು. "ಏನಪಾ, ವಯಸ್ಸೆಷ್ಟು ನಿಂದು?"

"ದೊಡ್ಡ ಜ್ವರ ಬಂದಿತ್ತಲ್ರಿ, ಆ ವರ್ಷ ಹುಟ್ಯಾನು," ಅತ್ತೆ ಅಂದರು. "ಶುಕ್ಲಪಕ್ಷ."

"ವ್ಯಾಪಾರದ ಕಾಲೇಜಿಗೆ ಯಾಕ ಬರಬೇಕಂತೀ?"

"ದೇಶದ ಏಳಿಗಿಗಾಗಿ!" ಭಾವನವರ ಧ್ವನಿಗೆ ಕಿಟಕಿಯ ಗಾಜು ನಡುಗಿತು.

"ನಾನೂ ಅದನ್ನ ಕೇಳಾಕತ್ತೀನ್ರಿ ಸಾಹೇಬ್ರ," ಅಂದರು ಮನೆಯವರು. "ಯಾಕ ಬರಬೇಕು?"

ಪ್ರೊಫೆಸರರು ಚಾಳೀಸು ತೆಗೆದು ಒರೆಸಿಕೊಂಡರು. "ನೀವ್ಯಾರೂ ಹೇಳಬ್ಯಾಡ್ರಿ. ಹುಡುಗ ಹೇಳ್ಲಿ. ನಿನ್ನೊಳಗ ಏನರ ಕೊರತಿ ಅದ ಅಂತ ನಿನಗನಸ್ತದನು?"

ಕಲ್ಯಾಣಿ ಬಾಯಿ ತೆರೆದ.

"ಜಳಕಕ್ಕ ಹೋದ್ರ ಹೊರಗ ಬರೂದಿಲ್ರಿ," ಅಂದರು ಅತ್ತೆ. "ಮುಚ್ಚಿಡೂದೇನು? ನಾಳಿ ನೀವ ಅನಬಾರದು. ಉಳದದ್ದೆಲ್ಲಾ ಚಲೋ ಐತಿ. ಈಗ ನಮ್ಮ ಕಡಿಂದೂ ಒಂದೆರಡ ಮಾತ ಕೇಳ್ತೀವ್ರಿ. ನಿಮ್ಮಲ್ಲಿ ಎಷ್ಟ ಮಂದಿ ಹುಡುಗ್ರು?"

"ಮುನ್ನೂರು."

"ಶಿವನ! ಒಂದ ಒಲಿನೋ, ಬ್ಯಾರೆ ಬ್ಯಾರೆನೋ? ಊಟಕ್ಕೇನ ಹಾಕ್ತೀರಿ?"

"ಅನ್ನ, ಸಾರು, ಚಪಾತಿ..."

"ಜ್ವಾಳದ ರೊಟ್ಟಿ?"

"ಅದು ಸಿಗೂದಿಲ್ಲ ಅಜ್ಜೀ."

ಅತ್ತೆಯವರು ನನ್ನ ಮನೆಯವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು: "ವಿಚಾರ ಮಾಡಬೇಕಾಗ್ತೈತಿ."

ಯಾರೇ ಆಗಿದ್ದರೂ ಅಲ್ಲಿಗೆ ನಮ್ಮನ್ನು ಹೊರಗೆ ಕಳಿಸಿಬಿಡುತ್ತಿದ್ದರು. ಗಲಗಲಿ ಸಾಹೇಬರು ಕಳಿಸಲಿಲ್ಲ. ಕೈಯಲ್ಲಿದ್ದ ಕಾಗದವನ್ನು ನೋಡಿ, "ಮಾರ್ಕು ಭಾಳ ಛಲೋ ಅವ," ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಮೇಜಿನ ಈಚೆ ಬಂದು, ಆ ಒಂದೇ ಕುರ್ಚಿಯ ಮೇಲೆ ನನ್ನ ಮಗನ ಎದುರಿಗೇ ಕೂತರು. "ಕಲ್ಯಾಣಪ್ಪಾ, ಒಂದ ಪ್ರಶ್ನಾ. ಇದಕ್ಕರ ನೀನ ಉತ್ತರ ಕೊಡು. ಒಂದು ವಸ್ತುವಿನ ಬೆಲೆ ಹೆಂಗ ನಿರ್ಧಾರ ಆಗ್ತದ?"

ಇದು ಅವನಿಗೆ ಬಾಯಿಪಾಠ. ನಾನೇ ನಾಲ್ಕು ದಿನ ಕೇಳಿದ್ದೆ, ಹಿತ್ತಲಲ್ಲಿ ಅಡ್ಡಾಡುತ್ತ ಒಪ್ಪಿಸುತ್ತಿದ್ದ. ಈಗ ಅವನ ತುಟಿ ಒಣಗಿತ್ತು. ಒಂದು ಶಬ್ದವೂ ಬರಲಿಲ್ಲ.

"ತೋರಸ್ಲೇನ್ರಿ?" ಅಂದರು ಭಾವನವರು. ಉತ್ತರಕ್ಕೆ ಕಾಯಲಿಲ್ಲ. "ಮಾಲು ಒಂದ ಬೇಕು. ಈ ಛತ್ರಿ ಇರ್ಲೇನ್ರಿ?"

"ಇರ್ಲಿ, ಇರ್ಲಿ," ಅಂದರು ಪ್ರೊಫೆಸರರು ಕುತೂಹಲದಿಂದ.

"ನೀವು ಕೊಡವ್ರು, ಅವ ತಗೊಳ್ಳಾವ. ಕೈ ಕೊಡ್ರಿ." ಭಾವನವರು ಹೆಗಲ ಮೇಲಿನ ಶಲ್ಲೆ ತೆಗೆದು ಇಬ್ಬರ ಕೈಗಳ ಮೇಲೂ ಹೊದಿಸಿದರು. "ಒಪ್ಪಿಗಿ ಇಲ್ಲಂದ್ರ ಕೊಡವ್ರಿ, ಒಪ್ಪಿದ್ರ ಒತ್ತ್ರಿ. ಇಷ್ಟ."

ನನ್ನ ಮಗನ ಮುಖ ಬದಲಾಯಿತು. ಹೆಗಲು ಸಡಿಲವಾದವು. ಕಣ್ಣು ನಿಶ್ಚಿಂತವಾಗಿ ಸಾಹೇಬರ ಹಣೆಯ ಮೇಲೆ ನಿಂತವು. ಶಲ್ಲೆ ಸ್ವಲ್ಪ ಅಲುಗಿತು. ಸಾಹೇಬರು ಹುಬ್ಬೇರಿಸಿದರು. ಮತ್ತೆ ಅಲುಗಿತು. ಸಾಹೇಬರಿಗೆ ಕಚಗುಳಿಯಾಗಿರಬೇಕು, ಮೀಸೆಯಲ್ಲಿ ನಗುತ್ತ, "ಹಾಂ ಹಾಂ, ತಿಳೀತು, ತಿಳೀತು," ಎಂದು ಅವನ ಕೈಯನ್ನು ಪ್ರೀತಿಯಿಂದ ಗಟ್ಟಿಯಾಗಿ ಒತ್ತಿದರು.

"ಆತು!" ಭಾವನವರು ಶಲ್ಲೆ ಜಾಡಿಸಿದರು. "ಸೌದಾ ಮುಗೀತು!"

"ಏನ ಮುಗೀತು?"

"ಛತ್ರಿ ಹೋತ್ರಿ. ಎಷ್ಟಕ್ಕ ಕಲ್ಯಾಣಿ?"

ಕಲ್ಯಾಣಿ ಎರಡು ಬೆರಳು ತೋರಿಸಿದ.

"ಎರಡು ರೂಪಾಯಿಗೆ? ಅಲ್ರೀ, ಮುಂಬೈದಾಗ ಐದು ಕೊಟ್ಟು ಹೋದ ವಾರ ತಂದೀನಿ ನಾನು!"

"ಹಂಗಿದ್ರ ಕೊಡವಬೇಕಿತ್ರಿ," ಅಂದರು ಮನೆಯವರು. ಅವರು ಅಂದು ಮೊದಲ ಸಲ ಸಂತೋಷವಾಗಿ ಕಂಡರು. ಅತ್ತೆಯವರು ಆಗಲೇ ಸೊಂಟದ ಸಂಚಿಯಿಂದ ಎರಡು ರೂಪಾಯಿ ತೆಗೆದು, ಅದರ ಜೊತೆಗೊಂದು ಹೋಳಿಗೆಯನ್ನೂ ಇಟ್ಟು, ಮೇಜಿನ ತುದಿಗೆ ಸರಿಸಿದರು. ಹೊರಗೆ ತಗಡಿನ ಮೇಲೆ ಟಪಟಪ ಹನಿ ಬೀಳತೊಡಗಿತು.

ಪ್ರೊಫೆಸರರು ರೂಪಾಯಿ ನೋಡಿದರು, ಕಿಟಕಿಯಾಚೆಯ ಮಳೆ ನೋಡಿದರು. ಆಮೇಲೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು, ಹೋಳಿಗೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡರು, ಕಾಗದದ ಮೇಲೆ ಏನೋ ಬರೆದರು. ಛತ್ರಿಯನ್ನು ತಾವೇ ಎತ್ತಿ ನನ್ನ ಮಗನ ಕೈಗೆ ಕೊಟ್ಟರು. ಅವನು ಅದನ್ನು ಕೂಸಿನಂತೆ ಹಿಡಿದುಕೊಂಡು, ನಾಚಿಕೆಯಿಂದ ನನ್ನ ಕಡೆ ನೋಡಿದ.

"ಆತಪಾ. ಕಡೀಕ ಒಂದು ಉಳೀತು," ಅಂದರು ಸಾಹೇಬರು. "ಇಷ್ಟೊತ್ತು ನಾವು ಕೇಳಿದ್ವಿ. ನೀ ನನಗೇನರ ಕೇಳೂದದನು?"

ಕಲ್ಯಾಣಿಯ ತುಟಿ ಅಲುಗಿತು. ಪತ್ರ ಬಂದ ದಿನ ಅಲುಗಿದಂತೆಯೇ.

"ಅವಂದೇನೈತ್ರಿ ಕೇಳೂದು," ಭಾವನವರು ಮುಂದೆ ಬಾಗಿದರು. "ಸೀಟ ಯಾವಾಗ ಸಿಗ್ತೈತಿ, ಸಾಮಾನು ಏನೇನ ತರಬೇಕು, ಅಷ್ಟ..."

"ಭಾವಾ, ಸುಮ್ನಿರ್ರಿ. ಅವ ಕೇಳ್ಲಿ."

ಯಾರು ಅಂದದ್ದು ಎಂದು ನಾನೂ ಎಲ್ಲರಂತೆ ಸುತ್ತ ನೋಡಿದೆ. ನನ್ನದೇ ಧ್ವನಿ. ಭಾವನವರ ಬಾಯಿ ತೆರೆದಿತ್ತು, ತೆರೆದೇ ಉಳಿಯಿತು. ಇಪ್ಪತ್ತು ವರ್ಷದಲ್ಲಿ ಅವರು ನನ್ನ ದನಿ ಕೇಳಿದ್ದು ಅದೇ ಮೊದಲು. ಅತ್ತೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೂ ಅನ್ನದೆ, ಹೋಳಿಗೆಯ ಗಂಟು ಕಟ್ಟತೊಡಗಿದರು. ಮನೆಯವರು ನೆಲ ನೋಡುತ್ತ ಮೀಸೆ ತಿರುವಿಕೊಂಡರು. ನಗು ಮುಚ್ಚಿಕೊಳ್ಳುವಾಗ ಅವರು ಮಾಡುವುದೇ ಹಾಗೆ.

ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡು, ಹಾಲು ಹಿಂಡುವಾಗ ಎಮ್ಮೆಗೆ ಹೇಳುವಷ್ಟೇ ಮೆಲ್ಲಗೆ, "ಕೇಳಪ್ಪ," ಅಂದೆ.

ಯಾರೂ ಸೀನಲಿಲ್ಲ. ಕಲ್ಯಾಣಿ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಬೆನ್ನು ನೆಟ್ಟಗೆ ಮಾಡಿದ. ಗೋಡೆಯ ಕಡೆ ನೋಡಲಿಲ್ಲ. ಸಾಹೇಬರ ಮುಖವನ್ನೇ ನೋಡಿದ. ಅವನ ಧ್ವನಿ ಇಷ್ಟು ದಪ್ಪಗಾಗಿದೆ ಎಂಬುದು ನನಗೆ ಆಗಲೇ ಗೊತ್ತಾಗಿದ್ದು.

"ಸಾಹೇಬ್ರ," ಅಂದ, "ಈ ಛತ್ರಿ ಬಿಟ್ಟ್ರ, ನೀವು ಇಲ್ಲೀತನಕ ಎಂದರ ಏನರ ಮಾರೀರೇನ್ರಿ?"